ಲೋಡು ಇಳಿಸುವ ಗಂಡು

ನಮ್ಮ ಕಡೆ ಲೋಡು ಅಂದರೆ ಲಾರಿಯಲ್ಲಿ ಬರುವುದು. ಮರಳಿನ ಲೋಡು, ಇಟ್ಟಿಗೆ ಲೋಡು, ಹುಣಸೆಹಣ್ಣಿನ ಲೋಡು. ಲೋಡು ಇಳಿಸುವವನು ಅಂದರೆ ತಲೆಗೆ ಟವೆಲ್ ಸುತ್ತಿಕೊಂಡು ಬೆನ್ನ ಮೇಲೆ ಮೂಟೆ ಹೊರುವವನು. ಚನ್ನರಾಯನದುರ್ಗದಿಂದ ಕೊರಟಗೆರೆಗೆ, ಅಲ್ಲಿಂದ ಮಧುಗಿರಿಗೆ, ಸಿರಾಕ್ಕೆ, ಎಲ್ಲಿ ಹೋಗಿ ಯಾರನ್ನು ಕೇಳಿದರೂ ಇದೇ ಅರ್ಥ ಹೇಳುತ್ತಾರೆ. ನಾನು ಕೆಲಸ ಮಾಡುವ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಮಾತ್ರ ಲೋಡು ಅಂದರೆ ಬೇರೆ. ನಮ್ಮ ಜನರೇಟರು ಆ ಗಳಿಗೆಯಲ್ಲಿ ಎಷ್ಟು ಕರೆಂಟು ಕೊಡುತ್ತಿದೆಯೋ ಅದು ಲೋಡು. ಈ ವ್ಯತ್ಯಾಸವನ್ನು ಊರಿಗೆ ತಿಳಿಸಿ ಹೇಳುವ ಉಮೇದು ನನಗೆ ಒಂದು ಕಾಲದಲ್ಲಿ ಇತ್ತು. ಈಗ ಇಲ್ಲ.

ರಜೆಗೆ ಚನ್ನರಾಯನದುರ್ಗಕ್ಕೆ ಬಂದಾಗಲೂ ಸ್ಥಾವರದಿಂದ ಫೋನು ಬರುತ್ತದೆ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ, ಬೆಟ್ಟ ಅಡ್ಡ. ಸಿಗುವುದು ಹಾಲಿನ ಡೈರಿಯ ಮುಂದೆ. ಅಲ್ಲಿ ಕ್ಯಾನು ಹಿಡಿದು ನಿಂತವರ ನಡುವೆ ನಾನೂ ನಿಂತು, "ಇಳಿಸ್ರಿ, ಇನ್ನೂ ಇಳಿಸ್ರಿ, ಒಂದೇ ಸಲಕ್ಕೆ ಇಳಿಸಬೇಡಿ, ನಿಧಾನಕ್ಕೆ" ಎಂದು ಕೂಗಬೇಕು. ಒಮ್ಮೆ ಹಾಲು ಹಾಕಲು ಬಂದಿದ್ದ ಹಿರಿಯರೊಬ್ಬರು ನಾನು ಫೋನು ಇಡುವವರೆಗೂ ಕಾದಿದ್ದು, "ಎಲ್ಲಾ ಇಳೀತೇನಪ್ಪ? ಚೀಲ ಏನೂ ಒಡೀಲಿಲ್ವಲ್ಲ?" ಎಂದು ಕೇಳಿದರು. ಒಡೆಯಲಿಲ್ಲ ಎಂದೆ. ಅವರಿಗೆ ಸಮಾಧಾನವಾಯಿತು.

ಅಮ್ಮನಿಗೂ ಇದೇ ಕೊರಗು. "ಇಂಜಿನಿಯರ್ ಓದ್ಸಿದ್ದು ಇದ್ಕೇನ್ಲಾ? ಯಾವಾಗ್ ನೋಡಿದ್ರೂ ಇಳ್ಸು ಇಳ್ಸು ಅಂತೀಯ. ಒಂದಿನಾನಾದ್ರೂ ಎತ್ತು ಅನ್ಬಾರ್ದಾ?"

"ಸಂಜೆ ಹೊತ್ತು ಎತ್ತು ಅಂತೀವಿ ಕಣಮ್ಮ."

"ಇಳ್ಸಿದ್ದನ್ನೇ ಎತ್ತೋದಾ?"

"ಹೂಂ."

ಅಮ್ಮ ಮುದ್ದೆ ಕಟ್ಟತೊಡಗಿದಳು.

ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಯೂನಿಟ್ಟು, ಅಂದರೆ ಒಂದು ಬಾಯ್ಲರು, ಒಂದು ಟರ್ಬೈನು, ಒಂದು ಜನರೇಟರು ಸೇರಿದ ಸಂಸಾರ, ಹಚ್ಚಿದ ಮೇಲೆ ಪೂರ್ತಿ ಉರಿಯಲ್ಲೇ ಓಡುತ್ತಿತ್ತು. ಇಳಿಸು ಎಂದು ಯಾರೂ ಹೇಳುತ್ತಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತು ಟೀ ಕುಡಿಯಲು ಪುರುಸೊತ್ತಿತ್ತು. ಆಮೇಲೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹೊಲಗಳ ಮೇಲೆ ಸೋಲಾರ್ ಪ್ಯಾನೆಲ್ಲುಗಳು ಎದ್ದವು. ಕರೆಂಟನ್ನು ರಾಗಿಯ ಹಾಗೆ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ, ಅಷ್ಟು ದೊಡ್ಡ ಹಗೇವನ್ನು ಇನ್ನೂ ಯಾರೂ ತೋಡಿಲ್ಲ. ಆ ಕ್ಷಣಕ್ಕೆ ಜನ ಎಷ್ಟು ಬಳಸುತ್ತಾರೋ ಅಷ್ಟೇ ತಯಾರಾಗಬೇಕು. ಹೆಚ್ಚಾದರೂ ಕಡಿಮೆಯಾದರೂ ಇಡೀ ಗ್ರಿಡ್ಡು ಅಲುಗಾಡುತ್ತದೆ. ಬಿಸಿಲು ಪುಕ್ಕಟೆ ಬರುವಂಥದ್ದು, ಅದನ್ನು ಕಡಿಮೆ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಇಳಿಯಬೇಕಾದವರು ನಾವು. ಹೊತ್ತು ಏರಿದ ಹಾಗೆ ಬೆಂಗಳೂರಿನಲ್ಲಿ ಲೋಡು ಹಂಚುವ ಕಚೇರಿಯಿಂದ ಫೋನು, ಇಳಿಸಿ. ಹೊತ್ತು ಮುಳುಗುವಾಗ ಇನ್ನೊಂದು ಫೋನು, ಎತ್ತಿ, ಬೇಗ ಎತ್ತಿ. ಮಧ್ಯೆ ತಿರುಮಣಿಯ ಮೇಲೆ ಮೋಡ ಬಂದರೆ ಮತ್ತೊಂದು ಫೋನು. ಮೋಡ ಹೋದರೆ ಇನ್ನೂ ಒಂದು.

ಬಾಯ್ಲರು ಎಂದರೆ ಗ್ಯಾಸ್ ಒಲೆಯಲ್ಲ, ಕಿವಿ ತಿರುಗಿಸಿದರೆ ಉರಿ ಸಣ್ಣದಾಗುವುದಕ್ಕೆ. ಅದು ದಪ್ಪ ಕಬ್ಬಿಣ. ದಿನಾ ಕಾಯಿಸಿ ಆರಿಸಿ ಮಾಡಿದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಅರ್ಧ ಲೋಡಿನಲ್ಲಿ ಓಡಿಸಿದರೆ ಉಳಿತಾಯವೂ ಅಷ್ಟಕ್ಕಷ್ಟೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೆ ಡೀಸೆಲ್ಲು ಅರ್ಧ ಆಗುತ್ತದೆಯೇ? ಇಲ್ಲೂ ಹಾಗೆಯೇ, ಮೀಟರಿನಲ್ಲಿ ಎಣಿಸುವ ಒಂದೊಂದು ಯೂನಿಟ್ಟು ಕರೆಂಟಿಗೆ ಸುಡುವ ಕಲ್ಲಿದ್ದಲು ಹೆಚ್ಚೇ ಆಗುತ್ತದೆ. ಇದೆಲ್ಲ ಗೊತ್ತಿದ್ದೂ ದಿನಾ ಮಧ್ಯಾಹ್ನ ಇಳಿಸಿಕೊಂಡು ಕೂರುವುದು ನನಗೆ ಸಿಟ್ಟು ತರಿಸುತ್ತಿತ್ತು. ಬಿಸಿಲಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಎಂದು ಜೊತೆಯವರು ಹೇಳುತ್ತಿದ್ದರು. ಪ್ರಯೋಜನವಿರಲಿಲ್ಲ, ಆದರೂ ಮಾಡಿಕೊಳ್ಳುತ್ತಿದ್ದೆ.

ಇಂಥ ದಿನಗಳಲ್ಲೇ ಮಧುಗಿರಿಯ ಸೋದರಮಾವ ಒಂದು ಸಂಬಂಧ ತಂದರು. ಅವರದು ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸಿ ರಿಪೇರಿ ಅಂಗಡಿ. ಮಿಕ್ಸಿ ಬಿಚ್ಚುತ್ತಾ ಬಿಚ್ಚುತ್ತಾ ಬಂದವರ ಮನೆಯ ಸಮಾಚಾರವನ್ನೆಲ್ಲ ಬಿಚ್ಚಿಸುತ್ತಾರೆ. ಮದುವೆಗೆ ಬಂದ ಹೆಣ್ಣುಗಳ ವಿಷಯ ಹೀಗೆ ಅವರ ಕಿವಿಗೆ ಬೀಳುತ್ತದೆ.

"ಲೇ, ಹೆಣ್ಣು ತಿರುಮಣೀದು ಕಣ್ಲಾ. ಡಿಪ್ಲೊಮಾ ಮಾಡವ್ಳೆ. ಅಲ್ಲೇ ಸೋಲಾರ್‌ನಾಗೆ ಕಂಟ್ರೋಲ್ ರೂಮ್ ಕೆಲ್ಸ. ನೀನೂ ಕರೆಂಟು, ಅವ್ಳೂ ಕರೆಂಟು. ಇನ್ನೇನ್ ಬೇಕು?"

ಊರಿನ ಹೆಸರು ಕೇಳಿಯೇ ನಾನು ಮುಖ ಗಂಟು ಹಾಕಿಕೊಂಡೆ. ದಿನಾ ನನ್ನನ್ನು ಇಳಿಸುವ ಊರಿನಿಂದಲೇ ಹೆಣ್ಣು ತರಬೇಕೇ ಎಂದೆ. ಮಾವ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಗಂಟು ಸ್ವಲ್ಪ ಸಡಿಲವಾಯಿತು.

ಮಾವನೂ ನಾನೂ ಪಾವಗಡದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಹೋದೆವು. ದಾರಿಯ ಎರಡೂ ಬದಿ ಕಣ್ಣು ಹಾಯುವವರೆಗೆ ನೀಲಿ ಗಾಜು. ಆ ಸುತ್ತಿನ ಜನ ಬಿಸಿಲಿಗೆ "ನಮ್ಮ ಬಿಸಿಲು" ಅನ್ನುತ್ತಾರೆ, ಬೇರೆ ಊರಿನವರು ನಮ್ಮ ಎಮ್ಮೆ ಅನ್ನುವ ಹಾಗೆ. "ನಮ್ಮ ಬಿಸಿಲು ಇವತ್ತು ಚೆನ್ನಾಗೈತೆ" ಎಂದು ಆಟೋದವನೂ ಹೇಳಿದ. ಹೆಣ್ಣಿನ ತಂದೆ ಹಿಂದೆ ಕಡಲೆಕಾಯಿ ಬೆಳೆಯುತ್ತಿದ್ದವರು. ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಕುರಿ ಸಾಕಿಕೊಂಡಿದ್ದಾರೆ. ಮನೆಯಲ್ಲಿ ತೆಲುಗು, ಬಂದವರ ಜೊತೆ ಕನ್ನಡ. ನಮ್ಮೂರ ಡೈರಿಗೆ ಹಾಲು ಹಾಕುವವರೊಬ್ಬರು ಅವರಿಗೆ ದೂರದ ನೆಂಟರಂತೆ. ನನ್ನ ವಿಷಯ ವಿಚಾರಿಸಿದ್ದು ಅಲ್ಲಿ.

"ಲೋಡು ಇಳ್ಸೋ ಕೆಲ್ಸ ಅಂತ ಕೇಳಿದ್ವಿ. ಹೌದು ಕದಾ?" ಎಂದರು.

ನನ್ನ ಅರ್ಥದಲ್ಲಿ ಅದು ನಿಜವೇ ಆಗಿತ್ತು. ಹೌದು ಎಂದೆ.

"ದಿನಾ ಇರ್ತದಾ?"

"ದಿನಾ ಇರುತ್ತೆ ಸರ್. ಮಧ್ಯಾಹ್ನ ಇಳಿಸೋದು, ಸಂಜೆ ಎತ್ತೋದು."

"ಬೆನ್ನು ಹಿಡ್ಕಳಲ್ವಾ?"

"ಹಿಡ್ಕೊಳ್ಳುತ್ತೆ. ಇಡೀ ಶಿಫ್ಟು ಕೂತೇ ಇರಬೇಕಲ್ಲ."

ಅವರು ಸ್ವಲ್ಪ ಯೋಚಿಸಿದರು. "ಕೂತ್ಕಂಡು ಇಳಿಸ್ತೀರಾ?"

"ಹೌದು. ಬಟನ್ ಒತ್ತಿ."

"ಓ, ಕ್ರೇನು" ಎಂದರು. ಅವರ ಮುಖ ಅರಳಿತು. ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಕ್ರೇನಂಟ. ಪಿಲ್ಲೋಡು ಮಂಚೋಡೇ" ಎಂದರು. ಕ್ರೇನಂತೆ, ಹುಡುಗ ಒಳ್ಳೆಯವನೇ ಅಂತ. ನನಗೆ ಅಷ್ಟು ತೆಲುಗು ಅರ್ಥವಾಗುತ್ತದೆ. "ಲೋಡು ಇಳ್ಸೋ ಕೆಲ್ಸ ಯಾವತ್ತೂ ನಿಲ್ಲಲ್ಲ ಬಿಡ್ರಿ. ಪ್ರಪಂಚ ಇರೋಗಂಟ ಲಾರಿ ಬತ್ತಾನೇ ಇರ್ತವೆ" ಎಂದು ನನಗೂ ಧೈರ್ಯ ಹೇಳಿದರು.

ಹುಡುಗಿ ಹುರಿದ ಕಡಲೆಬೀಜದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಡು ಅಂದರೆ ಏನು ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ತಟ್ಟೆಯನ್ನೇ ನೋಡುತ್ತಿದ್ದಳು. ನಾನೂ ಸುಮ್ಮನಿದ್ದೆ. ಕೆಲಸ ಆಗುತ್ತಿರುವಾಗ ಅರ್ಥ ಬಿಡಿಸಿ ಹೇಳುವ ದರ್ದು ನನಗೇನಿತ್ತು?

ತಡೆಯಲಾಗದೇ ಹೋದದ್ದು ಮಾವನಿಗೆ. "ಏನ್ರೀ ಕ್ರೇನು? ನಮ್ಮುಡ್ಗ ಇಂಜಿನಿಯರ್ರು. ಕಲ್ಲಿದ್ಲು ಸುಟ್ಟು ಕರೆಂಟ್ ಮಾಡೋ ಕಡೆ ಇರೋನು. ಮಧ್ಯಾಹ್ನ ನಿಮ್ ಬಿಸಿಲು ಬತ್ತದಲ್ಲ, ಆಗ ಇವ್ನು ಮಿಷಿನ್ನ ಅರ್ಧಕ್ಕೆ ಇಳ್ಸ್‌ಬುಟ್ಟು ಸುಮ್ನೆ ಕೂತ್ಕತಾನೆ."

ಒಂದೊಂದು ಮಾತೂ ನಿಜ. ಆವತ್ತು ನನ್ನ ಮದುವೆಯ ಮಾತು ಮುರಿದದ್ದು ಹೀಗೆ.

"ಬೊಗ್ಗಾ?" ಎಂದರು ತಂದೆ. ತೆಲುಗಿನಲ್ಲಿ ಕಲ್ಲಿದ್ದಲಿಗೆ ಹಾಗನ್ನುತ್ತಾರೆ. ಆ ಪದ ಕನ್ನಡಕ್ಕಿಂತ ಕಪ್ಪಾಗಿ ಕೇಳಿಸಿತು. "ನಮ್ ಬಿಸಿಲು ಬಂದ್ಮ್ಯಾಕೆ ನಿಮ್ದು ಇಳೀತಾ ಐತೆ ಅನ್ನಿ. ವರ್ಷಾ ವರ್ಷಾ ಪ್ಯಾನೆಲ್ಲು ಜಾಸ್ತಿ ಆಯ್ತಾವೆ ಕದಾ. ಆಮ್ಯಾಕೆ ಏನ್ ಮಾಡ್ತೀರಿ?"

ಮಾವ ನನ್ನ ಕಡೆ ನೋಡಿದರು, ನಾನು ಕಡಲೆಬೀಜದ ತಟ್ಟೆಯ ಕಡೆ ನೋಡಿದೆ. "ಸರೇ, ನೋಡಾನ ಬಿಡ್ರಿ" ಎಂದರು ತಂದೆ. ನೋಡಾನ ಅಂದರೆ ಇಲ್ಲ ಎಂದು ನಾಲ್ಕು ತಾಲ್ಲೂಕಿನಲ್ಲೂ ಅರ್ಥ. ಆದರೂ ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ ಎಂದು ಮೊದಲೇ ಮಾತಾಗಿದ್ದರಿಂದ ನಮ್ಮನ್ನು ಹಿತ್ತಲಿಗೆ ಕಳಿಸಿದರು.

ಬಟ್ಟೆ ಒಗೆಯುವ ಕಲ್ಲಿನ ಆ ಕಡೆ ಅವಳು, ಈ ಕಡೆ ನಾನು. ಅಲ್ಲಿಯವರೆಗೆ ನೋಡಿದ ಹೆಣ್ಣುಗಳು ನನ್ನನ್ನು ಕ್ವಾರ್ಟರ್ಸ್ ಹೇಗಿದೆ, ಶಿಫ್ಟು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಕೇಳಿದ್ದರು. ಇವಳು ಕೇಳಿದ್ದು, "ಎಣ್ಣೆ ಹಾಕ್ದೆ ಎಷ್ಟಕ್ಕೆ ಇಳಿಸ್ತೀರಾ?"

ಕಲ್ಲಿದ್ದಲಿನ ಉರಿಯನ್ನು ಒಂದು ಮಟ್ಟಕ್ಕಿಂತ ಕೆಳಗೆ ತಂದರೆ ಅದು ನಡುಗುತ್ತದೆ. ಆರಿಹೋಗದಿರಲೆಂದು ಎಣ್ಣೆ ಸುರಿದು ಹಿಡಿದು ನಿಲ್ಲಿಸಬೇಕು. ಎಣ್ಣೆ ದುಬಾರಿ. ಎಣ್ಣೆಯಿಲ್ಲದೆ ಎಷ್ಟು ಕೆಳಗೆ ಹೋಗುತ್ತೀರಿ ಅನ್ನುವುದೇ ನಮ್ಮ ಕೆಲಸದ ಹೆಚ್ಚುಗಾರಿಕೆ. ಇಷ್ಟು ವರ್ಷ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

"ಅರ್ಧ. ಅದಕ್ಕಿಂತ ಸ್ವಲ್ಪ ಕೆಳಗೆ" ಎಂದೆ. "ಇನ್ನೂ ಕೆಳಗೆ ಟ್ರಯಲ್ ಮಾಡಬೇಕು ಅಂತಿದ್ದಾರೆ."

"ಆದಾಗ ಹೇಳಿ" ಎಂದು ನಂಬರು ಕೊಟ್ಟಳು.

"ಲೋಡು ಅಂದ್ರೇನು ಅಂತ ನಿಮ್ಮ ತಂದೆಗೆ ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮನ್ನ ಮನೆಗೇ ಕರೀತಿರ್ಲಿಲ್ಲ."

ನನಗೆ ಅವಳೇ ಬೇಕು ಅನ್ನಿಸಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವನೊಂದಿಗೆ ಮಧುಗಿರಿಯವರೆಗೂ ನಾನು ಮಾತಾಡಲಿಲ್ಲ. ಅವರು ಮಾತ್ರ, "ಹಮಾಲಿ ಅಂದ್ರೆ ಸುಮ್ನಿರಕ್ಕಾಯ್ತದೇನ್ಲಾ? ನಂಗೂ ಮರ್ಯಾದಿ ಐತೆ" ಎಂದು ಆಗಾಗ ಹೇಳುತ್ತಿದ್ದರು. ಸ್ವಲ್ಪ ದಿನದ ಮೇಲೆ ತಿರುಮಣಿಯಿಂದ ಅವರಿಗೆ ಫೋನು ಬಂತು. ಹುಡುಗನ ಮೇಲೆ ದೂರಿಲ್ಲ, ಆ ಮಿಷಿನ್ನು ಮುಚ್ಚುವುದಿಲ್ಲ ಎಂದು ಖಾತ್ರಿಯಾದರೆ ಮಾತಾಡೋಣ ಎಂದಿದ್ದರಂತೆ.

ಖಾತ್ರಿ ನನಗೂ ಬೇಕಾಗಿತ್ತು. ಸಾಕಷ್ಟು ಕೆಳಗೆ ಇಳಿಯಲಾರದ ಹಳೆಯ ಯೂನಿಟ್ಟುಗಳನ್ನು ನಿಲ್ಲಿಸಿಬಿಡುತ್ತಾರೆ ಎಂದು ನಮ್ಮಲ್ಲಿ ಮಾತು ಶುರುವಾಗಿತ್ತು. ನಮ್ಮದು ಹಳೆಯದು. ಎಣ್ಣೆಯಿಲ್ಲದೆ ಇಳಿದು ನಿಲ್ಲುತ್ತದೋ ಇಲ್ಲವೋ ನೋಡಲು ಟ್ರಯಲ್ ಇಟ್ಟರು. ಡೆಸ್ಕಿನಲ್ಲಿ ಕೂತು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಟ್ರಯಲ್ ಯಾವತ್ತು ಎಂದು ತಿರುಮಣಿಯ ಹುಡುಗಿಗೆ ಮೆಸೇಜು ಹಾಕಿದೆ. ಕೆಲಸ, ಮದುವೆ ಎರಡೂ ಒಂದೇ ಬಾಯ್ಲರಿನೊಳಗೆ ಇದ್ದವು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಟ್ರಯಲ್ಲಿನ ದಿನ ಮಳೆಗೆ ಕಲ್ಲಿದ್ದಲು ಒದ್ದೆಯಾಗಿತ್ತು. ಮುಂದಕ್ಕೆ ಹಾಕೋಣವೇ ಎಂದರೆ ಮೇಲಿನವರು ಬೇಡ ಎಂದರು. ಇಳಿಸುವುದಕ್ಕೆ ಒಂದು ಕ್ರಮವಿದೆ. ಸೌದೆ ಒಲೆಯಲ್ಲಿ ಎಲ್ಲ ಸೌದೆಯನ್ನೂ ಸ್ವಲ್ಪ ಸ್ವಲ್ಪ ಹಿಂದಕ್ಕೆಳೆದರೆ ಬರೀ ಹೊಗೆ. ಕೆಲವನ್ನು ಪೂರ್ತಿ ತೆಗೆದು ಉಳಿದದ್ದನ್ನು ಒತ್ತಾಗಿ ಇಟ್ಟರೆ ಉರಿ ನಿಲ್ಲುತ್ತದೆ. ಬಾಯ್ಲರಿಗೂ ಅದೇ. ಕಲ್ಲಿದ್ದಲು ಪುಡಿ ಮಾಡಿ ಊದುವ ಮಿಲ್ಲುಗಳಲ್ಲಿ ಮೇಲಿನವನ್ನು ಒಂದೊಂದಾಗಿ ನಿಲ್ಲಿಸಿ, ಕೆಳಗಿನ ಅಕ್ಕಪಕ್ಕದವನ್ನು ಗಟ್ಟಿಯಾಗಿ ಓಡಿಸಿದೆ. ಅರ್ಧ ದಾಟಿತು. ನಾವು ಯಾವತ್ತೂ ಹೋಗದ ಮಟ್ಟಕ್ಕೆ ಬಂತು. ಉರಿ ನೋಡುವ ಪರದೆಯಲ್ಲಿ ಬೆಳಕು ನಡುಗಿ ನಿಂತಿತು. ಹಿಂದೆ ನಿಂತವರು ಉಸಿರಾಡುವುದು ಕೇಳಿಸುತ್ತಿತ್ತು. ಇನ್ನೂ ಒಂದಿಷ್ಟು ಇಳಿಸಿ ಎಂದರು, ಇಳಿಸಿದೆ. ಒದ್ದೆ ಪುಡಿ ಒಂದು ಮಿಲ್ಲಿನಲ್ಲಿ ಕಟ್ಟಿಕೊಂಡಿತು. ಉರಿ ಒಮ್ಮೆ ಹೊರಳಿತು, ಆರಿತು. ಆಮೇಲೆ ಎಲ್ಲ ಅಲಾರಂಗಳೂ ಒಟ್ಟಿಗೆ ಕೂಗಿಕೊಂಡವು.

ಅದೇ ಹೊತ್ತಿಗೆ ಬೆಂಗಳೂರಿನ ಕಚೇರಿಯ ಫೋನು.

"ತಿರುಮಣಿ ಕಡೆ ಮೋಡ. ಎತ್ತಿ."

"ಎತ್ತೋಕೆ ಏನೂ ಇಲ್ಲ ಸರ್. ಇಳಿಸಿಬಿಟ್ಟೆವು."

"ಎಷ್ಟಕ್ಕೆ?"

"ಸೊನ್ನೆಗೆ."

ಆ ಕಡೆಯವರು ಫೋನು ಇಟ್ಟರು. ಅವರಿಗೆ ಎತ್ತಿಸಲು ಬೇರೆ ಸ್ಥಾವರಗಳಿದ್ದವು. ನಾನು ಹೊರಗೆ ಮೆಟ್ಟಿಲ ಮೇಲೆ ಬಂದು ನಿಂತೆ. ಅಳು ಬರುವ ಹಾಗಿತ್ತು, ಆದರೆ ಮೆಟ್ಟಿಲಲ್ಲಿ ಜನ ಓಡಾಡುತ್ತಿದ್ದರು. ಆಗ ಅವಳ ಫೋನು ಬಂತು.

"ಮೋಡ ಬಂತು, ಗೊತ್ತಾಯ್ತಾ? ನಮ್ಮದು ಧಡಕ್ಕನೆ ಇಳೀತು. ಫ್ರೀಕ್ವೆನ್ಸಿನೂ ಐವತ್ತರಿಂದ ಸ್ವಲ್ಪ ಕೆಳಗೋಯ್ತು. ಆಮೇಲೆ ವಾಪಸ್ ಬಂತು. ಯಾರೋ ಎತ್ತಿದ್ರು."

ಫ್ರೀಕ್ವೆನ್ಸಿ ಅಂದರೆ ಇಡೀ ದೇಶದ ಕರೆಂಟಿನ ನಾಡಿ. ಅವಳ ಪರದೆಯಲ್ಲೂ ಅದೇ, ನನ್ನ ಪರದೆಯಲ್ಲೂ ಅದೇ. ಯಾರು ಎತ್ತಿದರು ಎಂದು ಅದರಲ್ಲಿ ಬರೆದಿರುವುದಿಲ್ಲ.

"ಅಪ್ಪ ಗೇಟಿಗೆ ಊಟ ತಂದಿದ್ರು" ಎಂದಳು. "ಮೋಡ ಬಂದಾಗ ಕರೆಂಟು ಹೋಗದಂಗೆ ಹಿಡ್ಕೊಂಡಿದ್ದು ನೀವೇ ಅಂತ ಹೇಳ್ಬುಟ್ಟೆ."

"ನಮ್ಮ ಯೂನಿಟ್ಟು ಟ್ರಿಪ್ ಆಗಿದೆ" ಎಂದೆ.

"ಯಾವಾಗ?"

"ಮೋಡಕ್ಕೆ ಸ್ವಲ್ಪ ಮುಂಚೆ."

"ಹಂಗಾದ್ರೆ ಆ ಫ್ರೀಕ್ವೆನ್ಸಿ ಬಿದ್ದಿದ್ರಲ್ಲಿ ನಿಮ್ದೂ ಪಾಲೈತೆ."

"ಇದೆ."

"ಎಷ್ಟಕ್ಕೆ ಹೋಗಿದ್ರಿ?"

ಹೇಳಿದೆ.

"ಎಣ್ಣೆ ಇಲ್ದೇನಾ? ಪರವಾಗಿಲ್ವೇ" ಎಂದಳು. ಆ ದಿನ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ. "ಬಾಯ್ಲರು ಇನ್ನೂ ಬಿಸಿ ಇರ್ತದಲ್ಲ. ಸಂಜೆಯೊಳಗೆ ಹಚ್ಚಿ. ಅಪ್ಪ ಸಂಜೆ ನಿಮಗೆ ಫೋನ್ ಮಾಡ್ತಾರೆ."

ಹಚ್ಚಿದೆವು. ಕಟ್ಟಿಕೊಂಡ ಮಿಲ್ಲನ್ನು ಬಿಚ್ಚಿ ಕೆರೆದೆವು, ಬಾಯ್ಲರಿನೊಳಗೆ ಉರಿಯದೆ ಉಳಿದದ್ದನ್ನು ಗಾಳಿ ಊದಿ ಹೊರದಬ್ಬಿದೆವು, ಎಣ್ಣೆ ಹಾಕಿ ಉರಿ ಹಿಡಿಸಿದೆವು, ಹೊತ್ತು ಮುಳುಗುವ ಹೊತ್ತಿಗೆ ಮತ್ತೆ ಗ್ರಿಡ್ಡಿಗೆ ಸೇರಿಸಿದೆವು. ಟ್ರಯಲ್ ಫೇಲ್ ಎಂದೇ ಬರೆದುಕೊಂಡರು. ಇನ್ನೊಂದು ಅವಕಾಶ ಕೊಡುತ್ತಾರೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ನಾನು ಮುಖ ತೊಳೆಯಲು ಹೋಗುತ್ತಿದ್ದಾಗ ತಿರುಮಣಿಯಿಂದ ಫೋನು ಬಂತು. ಹಿಂದೆ ಕುರಿಗಳನ್ನು ದೊಡ್ಡಿಗೆ ಅಟ್ಟುವ ಸದ್ದು.

"ಮಧ್ಯಾಹ್ನ ನೀವೇ ಎತ್ತಿದ್ರಂತೆ. ನಮ್ಮುಡ್ಗಿ ಹೇಳಿದ್ಲು" ಎಂದರು.

ಹೌದು ಎಂದಿದ್ದರೆ ಮುಗಿದಿತ್ತು. ಸಣ್ಣ ಪದ, ಬಾಯಲ್ಲೇ ಇತ್ತು. ಆದರೆ ಅದನ್ನು ಹೇಳಿ ನಿಭಾಯಿಸುವ ತ್ರಾಣ ಆವತ್ತು ನನ್ನಲ್ಲಿ ಉಳಿದಿರಲಿಲ್ಲ.

"ನಾವಲ್ಲ ಸರ್. ಬೇರೆ ಯಾರೋ ಎತ್ತಿದ್ದು. ನಮ್ಮದು ಆಗ ಆರಿಹೋಗಿತ್ತು. ಈಗ ತಾನೇ ಹಚ್ಚಿದ್ವಿ."

ಅವರು ದೊಡ್ಡಿಯ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ಎತ್ತಿದ್ದು ಯಾರು ಅಂತ ಅವ್ಳಿಗೆ ಗೊತ್ತಿತ್ತಾ?"

"ಇಲ್ಲ ಸರ್. ಗೊತ್ತಾಗೋ ಹಾಗೇ ಇಲ್ಲ."

"ಆದ್ರೂ ನೀವೇ ಅಂದ್ಲು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇವತ್ತು ನಮ್ ಬಿಸಿಲು ಎಷ್ಟು ಬಂತಮ್ಮ ಅಂತ ದಿನಾ ಕೇಳ್ತೀನಿ. ಒಂದಿಷ್ಟು ಜಾಸ್ತಿ ಹೇಳು, ನಂಗೆ ಖುಷಿ ಆಯ್ತದೆ ಅಂದ್ರೂ ಹೇಳಲ್ಲ. ಇದ್ದಷ್ಟೇ ಹೇಳ್ತಾಳೆ. ಹುಟ್ಟಿದಾಗ್ನಿಂದ ಆ ಕೂಸು ನಂಗೆ ಒಂದು ಸುಳ್ಳು ಹೇಳಿಲ್ಲ. ಇವತ್ತೇ ಮೊದಲು." ಅವರು ಒಂದು ಕುರಿಯನ್ನು ಗದರಿಸಿ ಮತ್ತೆ ಫೋನಿಗೆ ಬಂದರು. "ನಿಮ್ ಮಿಷಿನ್ನು ಇರ್ತದೋ ಮುಚ್ತಾರೋ, ಅದು ಅತ್ಲಾಗಿರ್ಲಿ ಬಿಡ್ರಿ. ನಿಮ್ಮ ತಾಯಿನ ಕರ್ಕಂಡು ಮಾತಿಗೆ ಬನ್ನಿ."

"ಆಗಲಿ ಸರ್" ಎಂದೆ.

"ಸರ್ ಅನ್ಬ್ಯಾಡಿ. ಮಾವ ಅನ್ರಿ."

ಅನ್ನಲು ಬಾಯಿ ತೆರೆದೆ. ಸರ್ ಅನ್ನುವುದೇ ಮತ್ತೆ ಬಾಯಿಗೆ ಬಂತು, ಅದನ್ನು ನುಂಗಿಕೊಂಡೆ. ಸಿಗ್ನಲ್ ಹೋಯಿತೆಂದುಕೊಂಡು ಅವರು ಆ ಕಡೆಯಿಂದ ಹಲೋ ಹಲೋ ಅನ್ನುತ್ತಲೇ ಇದ್ದರು.